ಗದರೋಕೆ ಬರಲ್ಲ ಅಂತ ಬರೆದೆಯಲ್ಲ

ದಾವಣಗೆರೆ
ಭಾನುವಾರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಮೂರು ಸಲ ಓದಿದೆ. ಹೊಸ ಕೆಲಸ, ಹೊಸ ಮನೆ ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಳು. ಆದರೆ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ನನಗೆ ಗದರೋಕೆ ಬರಲ್ಲ ದೊಡ್ಡಪ್ಪ, ಮ್ಯಾನೇಜರ್ ಕೆಲಸ ನನ್ನ ಕೈಲಾಗಲ್ಲ ಅನ್ಸುತ್ತೆ" ಅಂತ. ಅದನ್ನು ಓದಿ ರಾತ್ರಿ ನಿದ್ದೆ ಹತ್ತಲಿಲ್ಲ. ನನಗೆ ಗದರೋಕೆ ಚೆನ್ನಾಗಿ ಬರುತ್ತಿತ್ತು ಮಗಾ.

ಈ ವಿಷಯ ಮನೆಯಲ್ಲಿ ಯಾರಿಗೂ ಹೇಳಿಲ್ಲ. 1997ಕ್ಕೂ ಮುಂಚಿನ ಮಾತು, ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಗೋಡೌನ್ ಕಟ್ಟುವ ಒಂದು ಸೈಟ್ ನಾನು ನೋಡಿಕೊಳ್ಳುತ್ತಿದ್ದೆ. ಸೆಂಟ್ರಿಂಗ್ ಕೆಲಸಕ್ಕೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊರುವ ಹಲಗೆ, ಕಂಬ ನಿಲ್ಲಿಸೋಕೆ, ಒಬ್ಬ ಚಿಕ್ಕ ವಯಸ್ಸಿನ ಹುಡುಗ ಬರುತ್ತಿದ್ದ. ಒಂದು ದಿನ, "ಸರ್, ಈ ಮೂಲೆ ಕಂಬ ಹೊಸ ಮಣ್ಣಿನ ಮೇಲೆ ನಿಂತಾವೆ, ಕೆಳಗೆ ಹಲಗೆ ಕೊಡೋಣ" ಅಂದ. ಕೆಲಸ ಆಗಲೇ ತಡವಾಗಿತ್ತು. ಎಲ್ಲರೆದುರು ಬೈದೆ. "ನನಗೇ ಪಾಠ ಹೇಳ್ತೀಯಾ" ಅಂದೆ. ತಲೆ ತಗ್ಗಿಸಿಕೊಂಡು ಹೋದ. ಆ ಸಲ ಏನೂ ಆಗಲಿಲ್ಲ. ಹಾಗಾಗಿ ನಾನು ಮಾಡಿದ್ದೇ ಸರಿ ಅಂದುಕೊಂಡೆ.

ಮಳೆಗಾಲದಲ್ಲಿ ಇನ್ನೊಂದು ಭಾಗದ ಸ್ಲ್ಯಾಬ್ ಹಾಕುತ್ತಿದ್ದೆವು. ಅರ್ಧ ಕಾಂಕ್ರೀಟ್ ಬಿದ್ದಿತ್ತು. ಒಂದು ಪಕ್ಕದ ಕಂಬಗಳು ಮಣ್ಣಿಗೆ ಇಳಿದು ಹಲಗೆ ಸಮೇತ ಸ್ಲ್ಯಾಬ್ ಕುಸಿಯಿತು. ಬಾಂಡ್ಲಿ ಹೊತ್ತವನೊಬ್ಬನ ಕಾಲು ಮುರಿಯಿತು. ಸಂಜೆ ಆ ಹುಡುಗನನ್ನು ಕೇಳಿದೆ, ನೀನು ಮೊದಲೇ ನೋಡಿರಲಿಲ್ಲವಾ ಅಂತ. "ನೋಡಿದ್ದೆ ಸರ್. ಬೈತೀರಾ ಅಂತ ಸುಮ್ನಿದ್ದೆ" ಅಂದ.

ನಿನ್ನ ಟೀಮಿನ ಹುಡುಗ ತನ್ನ ತಪ್ಪನ್ನು ಎರಡು ವಾರ ಮುಚ್ಚಿಟ್ಟ, ಅದಕ್ಕೆ ಮೇಲಿನವರು ನಿನಗೆ "ಸ್ವಲ್ಪ ಜೋರು ಮಾಡು" ಅಂದರು ಅಂತ ಬರೆದಿದ್ದೀಯ. ನಾನು ಜೋರು ಮಾಡಿದವನೇ. ಸೈಟಿನಲ್ಲಿ ತಪ್ಪು ಕಡಿಮೆ ಆಗಲಿಲ್ಲ. ಬಂದು ಹೇಳುವವರು ಕಡಿಮೆ ಆದರು.

ಟೊಯೊಟಾ ಕಾರ್ಖಾನೆಯಲ್ಲಿ ಕಾರು ಜೋಡಿಸುವ ಸಾಲಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿರುತ್ತಿದ್ದರು, ಆಂಡಾನ್ ಹಗ್ಗ ಅಂತ. ಏನೋ ಸರಿಯಿಲ್ಲ ಅನ್ನಿಸಿದರೆ ಯಾವ ಕೆಲಸಗಾರ ಬೇಕಾದರೂ ಎಳೆಯಬಹುದು. ಮೇಲಿನವನು ಅಲ್ಲಿಗೇ ಬರಬೇಕು. ಆಗಲೂ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಇದನ್ನು ಕೇಳಿದಾಗೆಲ್ಲ ನನಗೆ ಆ ಹುಡುಗ ನೆನಪಾಗುತ್ತಾನೆ. ಹಗ್ಗ ಅವನ ಕೈಯಲ್ಲೇ ಇತ್ತು. ಕಿತ್ತುಕೊಂಡವನು ನಾನು.

ಗದರದವರು ಮೆತ್ತಗಿರುತ್ತಾರೆ ಅಂತಲೂ ಅಲ್ಲ. ನನಗೆ ಕೆಲಸ ಕಲಿಸಿದ ಇಂಜಿನಿಯರ್ ಒಬ್ಬರಿದ್ದರು. ದನಿ ಏರಿಸಿದ್ದು ನಾನು ಕೇಳಿಲ್ಲ. ಒಮ್ಮೆ ಮನೆ ಮಾಲೀಕ ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟುಕೊಂಡು, ಸ್ಲ್ಯಾಬ್ ಕೆಳಗಿನ ಕಂಬ ವಾರಕ್ಕೇ ಬಿಚ್ಚಿ ಅಂತ ಕೂತ. "ನಾಲ್ಕೂವರೆ ಮೀಟರಿಗಿಂತ ಅಗಲ ಇದೆ, 14 ದಿನ ಇರಬೇಕು" ಅಂದರು ಇವರು. ಮಾಲೀಕ ಕೂಗಾಡಿದ. ಇವರು ಮತ್ತೆ ಅದೇ ಮಾತು, ಅದೇ ದನಿಯಲ್ಲಿ. ಕಂಬ 14 ದಿನ ನಿಂತವು. ಕೆಳಗಿನವರು ಹೇಳಿದ್ದನ್ನು ಕೇಳಿಸಿಕೊಂಡು, ಮೇಲಿನವರಿಗೆ ಆಗಲ್ಲ ಅನ್ನುವುದು ಅವರ ರೀತಿ. ನನ್ನದು ಉಲ್ಟಾ ಇತ್ತು. ಮಾಲೀಕರೆದುರು "ಆಯ್ತು ಸರ್", ಹುಡುಗರ ಮೇಲೆ ಕೂಗಾಟ. ನಿನಗೆ ಗದರೋಕೆ ಬರದಿದ್ದರೆ ಬೇಡ. "ಈ ತಾರೀಖಿಗೆ ಆಗಲ್ಲ" ಅಂತ ನಿನ್ನ ಮೇಲಿನವರಿಗೆ ಹೇಳೋಕೆ ಬರುತ್ತಾ? ನನಗೆ ಅದೊಂದೇ ಚಿಂತೆ.

ನಿಮ್ಮ ಸಾಫ್ಟ್‌ವೇರ್ ಕೆಲಸ ನನಗೆ ಅಷ್ಟು ತಿಳಿಯದು, ಹೇಳಿದ್ದು ಹೊಂದದಿದ್ದರೆ ಬಿಟ್ಟುಬಿಡು. ನಾಲೆಗೆ ನೀರು ಬಿಟ್ಟರು ಅಂತ ಊರೆಲ್ಲ ಹೇಳಿದರೂ ನಿಮ್ಮ ತಾತ ನಂಬುತ್ತಿರಲಿಲ್ಲ. ಭದ್ರಾ ನಾಲೆಯ ಕೊನೇ ಭಾಗದವರ ಪಾಡೇ ಅದು. ಲಾಟೀನು ಹಿಡಿದು ತೂಬಿನವರೆಗೂ ನಡೆದು, ನೀರಿಗೆ ಕಾಲಿಟ್ಟು ನೋಡಿ ಬರುತ್ತಿದ್ದರು. ನಿನ್ನ ಕಂಪ್ಯೂಟರಿನಲ್ಲಿ ಎಲ್ಲ ಕೆಲಸಕ್ಕೂ ಹಸಿರು ಬಣ್ಣ ಇತ್ತು ಅಂದೆಯಲ್ಲ, ಆಮೇಲೆ ನೋಡಿದರೆ ಆ ಹುಡುಗನ ಕೆಲಸ ನಿಂತೇ ಹೋಗಿತ್ತು. ನೀನೂ ತಾತನ ಹಾಗೆ, ಜಾಸ್ತಿ ಮಾತಾಡದವರ ಪಕ್ಕ ದಿನಾ ಹತ್ತು ನಿಮಿಷ ಕೂತು ನೋಡು. ಕೈಲಾದರೆ ಮಾತ್ರ.

ತಪ್ಪು ಹೇಳಿಕೊಂಡು ಬಂದವನಿಗೆ ಮೊದಲು "ಹೇಳಿದ್ದು ಒಳ್ಳೇದಾಯ್ತು" ಅನ್ನು. ಉಳಿದದ್ದು ಆಮೇಲೆ, ಒಬ್ಬನೇ ಇದ್ದಾಗ. ಇದು ನನಗೆ ಐವತ್ತು ದಾಟಿದ ಮೇಲೆ ಬಂತು, ನಿನಗೆ ಹೇಳೋಕೆ ಸಂಕೋಚ ಆಗುತ್ತೆ.

ಆ ಹುಡುಗ ಈಗ ಮೇಸ್ತ್ರಿ. ಹೋದ ತಿಂಗಳು ಮಾರ್ಕೆಟ್‌ನಲ್ಲಿ ಸಿಕ್ಕಿದ್ದ. ಟೀ ಕುಡಿದೆವು. ಅವನ ಕೈಕೆಳಗೆ ಇಪ್ಪತ್ತು ಜನ ಇದ್ದಾರಂತೆ. ಅವತ್ತು ಬೈದದ್ದು ತಪ್ಪಾಯ್ತು ಅನ್ನಬೇಕು ಅಂತಿದ್ದೆ. ಬಾಯಿಗೆ ಬರಲಿಲ್ಲ. ಮುಂದಿನ ವಾರ ಅವನ ಸೈಟಿಗೇ ಹೋಗಿ ಬರುತ್ತೇನೆ.

ಗುರುವಾರ ನಿಮ್ಮ ಮೀಟಿಂಗ್ ಅಂದಿದ್ದೆಯಲ್ಲ. ತಪ್ಪು ಮುಚ್ಚಿಟ್ಟ ಹುಡುಗ ನಿನ್ನ ಹತ್ತಿರ ಏನು ಮಾತಾಡಿದ ಅಂತ ಬರೆ. ಫೋನ್ ಬೇಡ, ಕಾಗದವೇ ಬರೆ.

ನಿನ್ನ ದೊಡ್ಡಪ್ಪ