ಹಗಲಿನಲ್ಲೇ ಸಾಗಲಿ ಕರಾವಳಿಯ ಐಷಾರಾಮಿ ರೈಲು

ಮಾನ್ಯ ಸಂಪಾದಕರೇ,

2008ರಲ್ಲಿ ಆರಂಭವಾದ ನಮ್ಮ ರಾಜ್ಯದ ಐಷಾರಾಮಿ ರೈಲು ‘ಗೋಲ್ಡನ್ ಚಾರಿಯಟ್’ ಪ್ರವಾಸಿಗರನ್ನು ಹಂಪಿ, ಗೋವಾಗಳಿಗೆ ಕರೆದೊಯ್ಯುವಂತೆಯೇ, ಕಾರವಾರದಿಂದ ಮಂಗಳೂರಿನವರೆಗಿನ ಕೊಂಕಣ ರೈಲು ಮಾರ್ಗದಲ್ಲೂ, ಅದೂ ಹಗಲು ಹೊತ್ತಿನಲ್ಲಿಯೇ, ಸಂಚರಿಸುವಂತೆ ವೇಳಾಪಟ್ಟಿ ರೂಪಿಸಬೇಕು. ಹೊನ್ನಾವರದಲ್ಲಿ ಎರಡು ಕಿ.ಮೀ.ಗೂ ಉದ್ದವಾದ ಸೇತುವೆಯ ಮೇಲೆ ರೈಲು ನಿಧಾನವಾಗಿ ಸಾಗುವಾಗ, ಒಂದೆಡೆ ಕಡಲು ಸೇರಲು ಹೊರಟ ಶರಾವತಿಯನ್ನೂ, ಇನ್ನೊಂದೆಡೆ ತೆಂಗಿನ ತೋಟಗಳಾಚೆ ಎದ್ದು ನಿಂತ ಸಹ್ಯಾದ್ರಿಯನ್ನೂ ಏಕಕಾಲಕ್ಕೆ ಕಾಣುವ ಭಾಗ್ಯ ಇರುಳಿನ ಪಯಣಿಗರಿಗೆ ಎಲ್ಲಿಯದು? ಮಳೆಗಾಲದಲ್ಲಂತೂ ಈ ದೃಶ್ಯಕ್ಕೆ ಸಾಟಿಯಿಲ್ಲ. ಗೋಕರ್ಣ, ಮುರ್ಡೇಶ್ವರಗಳಲ್ಲಿ ಕೆಲ ಗಂಟೆಗಳ ನಿಲುಗಡೆಯಿದ್ದರೆ, ದುಬಾರಿ ಟಿಕೆಟ್ಟಿನ ಹಣದಲ್ಲಿ ಸ್ವಲ್ಪವಾದರೂ ಸ್ಥಳೀಯ ಆಟೊ ಚಾಲಕರಿಗೆ, ಖಾನಾವಳಿಗಳಿಗೆ, ಯಕ್ಷಗಾನ ಕಲಾವಿದರಿಗೆ ತಲುಪೀತು. ಸಂಬಂಧಪಟ್ಟವರು ಪರಿಶೀಲಿಸಲಿ.

– ಓರ್ವ ಪ್ರಯಾಣಿಕ, ಕುಮಟಾ