ಅರಕಲಗೂಡಿನ ಅಕ್ಕನಿಗೆ, ಮತ್ತೆ ಉಳಿದ ಎಲ್ಲರಿಗೂ

ಮಗಳು ಈ ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿದಳು. ಅದಾದ ಮೇಲೆ ಮಕ್ಕಳ ಡಾಕ್ಟರು ಅವಳ ತೂಕ, ಎತ್ತರ, ಮಾತು ಎಲ್ಲ ನೋಡಿ, "ತಿಂಗಳು ತುಂಬದೆ ಹುಟ್ಟಿದ ಮಗು ಅಂತ ಇನ್ನು ಬೇರೆ ಫೈಲ್ ಬೇಡ, ಎಲ್ಲ ಮಕ್ಕಳ ಹಾಗೆ ಜ್ವರ ಬಂದರೆ ಕರೆದುಕೊಂಡು ಬನ್ನಿ" ಎಂದರು. ಆ ಮಾತು ಕೇಳಿದ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ.

2021ರ ಮೇ ತಿಂಗಳಲ್ಲಿ ನಮಗೇನಾಯಿತು ಎಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಅದನ್ನು ಮತ್ತೆ ಹೇಳುವುದಿಲ್ಲ. ಕೋವಿಡ್ ಬಂದು ಆಸ್ಪತ್ರೆ ಸೇರಿದ್ದಾಗ, ಹೆರಿಗೆ ಆಪರೇಷನ್ನಿನ ಹಿಂದಿನ ರಾತ್ರಿ ನನ್ನ ಜೊತೆ ಯಾರಿದ್ದರು ಎಂಬುದನ್ನು ಮಾತ್ರ ಇಷ್ಟು ದಿನ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಹೆಸರೊಂದು ಬ್ಯಾಡ" ಎಂದಿದ್ದಾರೆ.

ಕೋವಿಡ್ ಹೆರಿಗೆ ವಾರ್ಡಿಗೆ ಮನೆಯವರನ್ನು ಬಿಡುತ್ತಿರಲಿಲ್ಲ. ರಾತ್ರಿ ಪಾಳಿಯ ಸಿಸ್ಟರ್‌ಗಳು ಪಿಪಿಇ ಕಿಟ್ಟಿನೊಳಗೆ ಬೆವರುತ್ತ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಓಡುತ್ತಿದ್ದರು. ನನಗೆ 33 ವಾರ. ತುಂಬು ಹೊಟ್ಟೆ ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶ ಹಿಗ್ಗಲು ಮೊದಲೇ ಜಾಗ ಕಡಿಮೆ, ಆಮ್ಲಜನಕ ಬೇಕಾಗುವುದು ಮಾತ್ರ ಇಬ್ಬರಿಗೆ. ಅದಕ್ಕೇ ಬಸುರಿಯರ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ಶೇಕಡಾ 95ರ ಕೆಳಗೆ ಇಳಿಯಬಾರದು ಎನ್ನುತ್ತಾರೆ. ನನ್ನದು ಇಳಿಯುತ್ತಿತ್ತು. ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟೀರಾಯ್ಡ್ ಕೊಟ್ಟಿದ್ದರು, ರಕ್ತ ಹೆಪ್ಪುಗಟ್ಟದಿರಲೆಂದು ಹೊಟ್ಟೆಗೆ ಇಂಜೆಕ್ಷನ್. "ಎಡಮಗ್ಗುಲಲ್ಲೇ ಇರಿ, ಮಾಸ್ಕ್ ತೆಗೆಯಬೇಡಿ" ಎಂದು ಹೇಳಿ ಡಾಕ್ಟರು ಇನ್ನೊಬ್ಬರ ಕಡೆ ಓಡಿದರು.

ಪಕ್ಕದ ಮಂಚದಲ್ಲಿದ್ದವರು ಅರಕಲಗೂಡು ಕಡೆಯ ಈ ಅಕ್ಕ. ಅವರ ಜ್ವರ ಇಳಿದಿತ್ತು, ಬೆಳಿಗ್ಗೆ ಡಿಸ್ಚಾರ್ಜ್. ಅವರ ಕೂಸು ಹೊಟ್ಟೆಯಲ್ಲೇ ಹೋಗಿ ಮೂರನೆಯ ದಿನ. ಆ ರಾತ್ರಿಯೇ ಅವರಿಗೆ ಎದೆಹಾಲು ಇಳಿಯಿತು. ಹಳೆಯ ಸೀರೆ ಹರಿದು ಎದೆಗೆ ಬಿಗಿಯಾಗಿ ಸುತ್ತಿಕೊಂಡು, ನೋವಿಗೆ ಹಲ್ಲು ಕಚ್ಚಿಕೊಂಡು, ಅವರು ತಮ್ಮ ಮಂಚದಿಂದ ಎದ್ದು ನನ್ನ ಬೆನ್ನ ಹಿಂದೆ ಬಂದು ಕೂತರು. ನಾನು ಅಂಗಾತ ಹೊರಳದ ಹಾಗೆ ತಮ್ಮ ಮಂಡಿಯನ್ನೇ ಬೆನ್ನಿಗೆ ಆನಿಸಿದರು. ಬೆರಳಿಗೆ ಸಿಕ್ಕಿಸಿದ್ದ ಆಕ್ಸಿಮೀಟರಿನಲ್ಲಿ ಬರುವ ಅಂಕಿಯನ್ನು ನನಗೆ ಕೇಳುವ ಹಾಗೆ ಓದುತ್ತಿದ್ದರು. ಇಳಿದರೆ "ಸಿಸ್ಟರೇ!" ಎಂದು ವಾರ್ಡೆಲ್ಲ ಕೇಳುವಂತೆ ಕೂಗುತ್ತಿದ್ದರು. ಏರಿದರೆ, "ಏರ್ತು ಕಣವ್ವ, ಹಂಗೇ ಉಸ್ರು ಎಳ್ಕೊ, ನಿಧಾನಕ್ಕೆ ಬಿಡು."

ಒಂದು ಹೊತ್ತಿನಲ್ಲಿ ಮಾಸ್ಕ್ ಕಿತ್ತೆಸೆದು, ಸಾಕಾಯಿತು ಎಂದು ಅತ್ತೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನನ್ನ ಕೈ ತೆಗೆದು ಹೊಟ್ಟೆಯ ಮೇಲಿಟ್ಟು, "ಒದೀತೈತಾ ನೋಡು" ಎಂದರು. ಒದೆಯುತ್ತಿದ್ದಳು. "ಹಂಗಾದ್ರೆ ಮಾಸ್ಕ್ ಹಾಕ್ಕೊ" ಎಂದರು. ತನ್ನ ಹೊಟ್ಟೆಯಲ್ಲಿ ಆ ಒದೆತ ನಿಂತದ್ದನ್ನು ಕಂಡ ಹೆಂಗಸು ನನಗೆ ಅದನ್ನು ಕೇಳಿದರು.

ಇಲ್ಲಿಗೆ ಬಂದರೆ ಈಗಲೂ ಬರೆಯಲು ಕೈ ಓಡುವುದಿಲ್ಲ. ಒಂದೇ ವಾರ್ಡು, ಒಂದೇ ಕಾಯಿಲೆ, ಎರಡು ಮಂಚ. ನನ್ನ ಮಗಳು ಉಳಿದಳು, ಅವರ ಮಗ ಉಳಿಯಲಿಲ್ಲ. ಯಾಕೆ ಹೀಗೆ ಎಂದು ಎಷ್ಟೋ ರಾತ್ರಿ ದೇವರನ್ನು ಕೇಳಿದ್ದೇನೆ. ಮಗಳ ಪ್ರತಿ ಹುಟ್ಟುಹಬ್ಬದಂದು ಮೊದಲು ನೆನಪಾಗುವುದು ಆ ಕೂಸೇ.

ಊರಿನಲ್ಲಿ ಅಕ್ಕನಿಗೆ ಸಿಕ್ಕ ಮಾತುಗಳೂ ಸಣ್ಣವಲ್ಲ. ಕಷಾಯ ಜಾಸ್ತಿ ಕುಡಿದು ಹೊಟ್ಟೆ ಕಾದದ್ದಕ್ಕೇ ಹೀಗಾಯಿತು, ಬೇಡವೆಂದರೂ ತವರಿಗೆ ಹೋಗಿ ಬಂದದ್ದಕ್ಕೇ ಹೀಗಾಯಿತು ಎಂದು. ಅವರು ಅದನ್ನು ನಂಬಿಯೂ ಇದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅಲ್ಲಿನ ಆಸ್ಪತ್ರೆಗಳ ಹೆರಿಗೆಯ ಲೆಕ್ಕ ಪ್ರಕಟಿಸಿತು. ಕೊರೊನಾದ ಡೆಲ್ಟಾ ತಳಿ ಹಬ್ಬಿದ್ದ ತಿಂಗಳುಗಳಲ್ಲಿ ಸೋಂಕಿದ್ದ ತಾಯಂದಿರ 1,000 ಹೆರಿಗೆಗಳಲ್ಲಿ ಸುಮಾರು 27 ಮಕ್ಕಳು ಹೊಟ್ಟೆಯಲ್ಲೇ ಹೋಗಿದ್ದವು. ಸೋಂಕಿಲ್ಲದವರಲ್ಲಿ ಅದು 1,000ಕ್ಕೆ ಸುಮಾರು 6. ವೈರಸ್ಸು ಕೆಲವು ತಾಯಂದಿರಲ್ಲಿ ಮಾಸನ್ನೇ ಕೆಡಿಸಿ, ಮಗುವಿಗೆ ಹೋಗುವ ಆಮ್ಲಜನಕವನ್ನು ನಿಲ್ಲಿಸುತ್ತದೆ ಎಂಬುದೂ ಆಮೇಲೆ ತಿಳಿಯಿತು. ಸೋಂಕು ತಗುಲಿದ ತಾಯಂದಿರಲ್ಲಿ ಬಹುಪಾಲು ಜನರ ಮಕ್ಕಳು ಚೆನ್ನಾಗಿಯೇ ಹುಟ್ಟಿದವು, ನಿಜ. ಆದರೆ ಉಳಿಯದ ಮಕ್ಕಳ ತಾಯಂದಿರು ಯಾವ ತಪ್ಪನ್ನೂ ಮಾಡಿರಲಿಲ್ಲ. ಇದನ್ನೆಲ್ಲ ಫೋನಿನಲ್ಲಿ ಒಂದೊಂದಾಗಿ ಹೇಳಿದೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಅತ್ತೆಗೂ ಇದನ್ನ ಹೇಳ್ತೀಯಾ?" ಎಂದರು. ಹೇಳಿದೆ. ಅವರತ್ತೆ ಆ ತುದಿಯಲ್ಲಿ ಅತ್ತರು. ಅರಕಲಗೂಡಿನ ಆ ಮನೆಯಲ್ಲಿ ಕಷಾಯದ ಮಾತು ಮತ್ತೆ ಬರಲಿಲ್ಲ.

ಬಸುರಿಯರಿಗೂ ಲಸಿಕೆ ಹಾಕಬಹುದು ಎಂದು ಕೇಂದ್ರ ಸರ್ಕಾರ ಹೇಳಿದ್ದು 2021ರ ಜುಲೈ 2ರಂದು. ನಮ್ಮಿಬ್ಬರಿಗೂ ಅದು ತಡವಾಯಿತು. ಮತ್ತೆ ಬಸುರಾದಾಗ ಅಕ್ಕ ಎರಡೂ ಡೋಸ್ ಹಾಕಿಸಿಕೊಂಡರು. ಊರಿನ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆಗೆ ಹೋಗಿ, ಹೆದರಿ ಕೂತಿದ್ದ ಬಸುರಿಯರ ಮುಂದೆ ತಮ್ಮ ಕಥೆ ಹೇಳಿದರು. ಅದಕ್ಕೆ ಎಷ್ಟು ಎದೆಗಟ್ಟಿ ಬೇಕು ಎಂದು ಯೋಚಿಸಿ. ಈಗ ಅವರ ಮಡಿಲಲ್ಲಿ ಒಬ್ಬ ಮಗನಿದ್ದಾನೆ, ಮಹಾ ತುಂಟ.

ಉಳಿದ ಎಲ್ಲರಿಗೂ: ಆಪರೇಷನ್ ಮಾಡಿದ ಡಾಕ್ಟರಮ್ಮ, ಎಲ್ಲೂ ಜಾಗವಿಲ್ಲ ಎನ್ನಿಸಿಕೊಂಡು ಅಲೆಯುತ್ತಿದ್ದಾಗ ನಮ್ಮನ್ನು ಬಿಟ್ಟುಹೋಗದ ಆಂಬುಲೆನ್ಸ್ ಡ್ರೈವರ್, ನನ್ನ ಆನ್‌ಲೈನ್ ಕ್ಲಾಸುಗಳನ್ನು ಹಂಚಿಕೊಂಡ ಸಹೋದ್ಯೋಗಿಗಳು, ಲಾಕ್‌ಡೌನಿನಲ್ಲೂ ಸಕಲೇಶಪುರದಿಂದ ಬಾಣಂತಿ ಸಾಮಾನು ತಲುಪಿಸಿದ ಅಪ್ಪ, ಆಸ್ಪತ್ರೆಯ ಗೇಟಿನ ಹೊರಗೆ ಕಾರಿನಲ್ಲೇ ಮಲಗಿದ ನಮ್ಮೆಜಮಾನರು, ನಿಮಗೆಲ್ಲ ಕೈಮುಗಿಯುತ್ತೇನೆ. ಎನ್‌ಐಸಿಯುವಿನ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ, ಸಿಸ್ಟರ್‌ಗಳಿಗೆ ಇನ್ನೊಂದು ಮಾತು ಹೆಚ್ಚು ಹೇಳಬೇಕು. ಪಾಸಿಟಿವ್ ತಾಯಿಯ ಹಾಲು ವಿಷ ಎಂದು ನಮ್ಮ ಬಳಗವೇ ಹೆದರಿಸುತ್ತಿದ್ದಾಗ, ಹಾಲಿನಿಂದ ಸೋಂಕು ಹರಡುವುದಿಲ್ಲ, ಕೈ ತೊಳೆದು ಮಾಸ್ಕ್ ಹಾಕಿಕೊಂಡು ಹಿಂಡಿ ಕಳಿಸಿ ಎಂದು ಧೈರ್ಯ ಹೇಳಿದವರು ನೀವು. ಮಗಳು ಅದನ್ನು ಕುಡಿದೇ ತೂಕ ಕಟ್ಟಿದಳು. ಅವಳ ಟೆಸ್ಟ್ ನೆಗೆಟಿವ್ ಬಂತೆಂದು ಕಿಟಕಿಯಾಚೆಯಿಂದ ಹೆಬ್ಬೆರಳೆತ್ತಿ ತೋರಿಸಿದವರೂ ನೀವೇ.

ಅಕ್ಕ, ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆಗೆದಾಗ ಬರುತ್ತೇನೆ ಎಂದಿದ್ದೀರಿ. ಲಾಡ್ಜಿನ ಮಾತೆತ್ತಬೇಡಿ, ನೇರವಾಗಿ ಮನೆಗೇ ಬನ್ನಿ. ಮಕ್ಕಳಿಬ್ಬರನ್ನೂ ನಮ್ಮಮ್ಮ ನೋಡಿಕೊಳ್ಳುತ್ತಾರೆ, ದರ್ಶನದ ಸಾಲಿಗೆ ನಾವಿಬ್ಬರೇ ಹೋಗೋಣ.