ತಲೆಯಲ್ಲಿ ನೀರು: ಗ್ರಹಣವಲ್ಲ, ಜೀನ್ ಕಾರಣ

ಮಾನ್ಯರೇ,

ಮಗು ತಲೆಯಲ್ಲಿ ನೀರು ತುಂಬಿಕೊಂಡೇ ಹುಟ್ಟಿದರೆ ದಾವಣಗೆರೆ ಸೀಮೆಯಲ್ಲಿ ಈಗಲೂ ಗ್ರಹಣದ ಮಾತು ಬರುತ್ತದೆ. ಬಾಣಂತಿಗೆ ಇದು ಅನ್ಯಾಯ.

ಇಂಥ ಗಂಡುಮಗುವಿನ ಹೆಬ್ಬೆರಳು ಅಂಗೈಯೊಳಕ್ಕೆ ಮಡಚಿಕೊಂಡೇ ಇದ್ದರೆ, ಎಕ್ಸ್ ವರ್ಣತಂತುವಿನ ಎಲ್1ಕ್ಯಾಮ್ ಜೀನ್ ದೋಷವನ್ನು ಮೊದಲು ಶಂಕಿಸಬೇಕು. ಇದರಲ್ಲಿ ಮಿದುಳಿನ ಮೂರನೇ, ನಾಲ್ಕನೇ ಕುಹರಗಳ (ದ್ರವ ತುಂಬಿದ ಪೊಳ್ಳುಗಳ) ನಡುವಿನ ಸಣ್ಣ ನಾಳ ಕಿರಿದಾಗಿ ದ್ರವ ಕಟ್ಟಿಕೊಳ್ಳುತ್ತದೆ. ತಾಯಿ ವಾಹಕಿಯಾಗಿದ್ದರೆ (ದೋಷದ ಜೀನ್ ಹೊತ್ತಿದ್ದರೆ) ಪ್ರತಿ ಗಂಡುಮಗುವಿಗೂ ಶೇ 50ರಷ್ಟು ಸಂಭವ. ಆಕೆಯ ಅಣ್ಣತಮ್ಮಂದಿರು ಯಾರಾದರೂ ಹಸುಗೂಸಾಗಿದ್ದಾಗಲೇ ತೀರಿಕೊಂಡಿದ್ದರೇ ಎಂದು ಕೇಳಲೇಬೇಕು. ಬೇರೆ ಕೆಲವು ಜೀನ್‌ಗಳ ದೋಷ ತಂದೆತಾಯಿ ಇಬ್ಬರಿಂದಲೂ ಬರಬೇಕು. ಸೋದರಮಾವನನ್ನು ಮದುವೆಯಾದವರಲ್ಲಿ ಇದರ ಭಯ ಹೆಚ್ಚು.

ತಲೆಯ ದ್ರವವನ್ನು ಹೊರಸಾಗಿಸುವ ನಳಿಕೆ (ಷಂಟ್) ಹಾಕುವ ಮೊದಲೇ ಮಗುವಿನ ರಕ್ತವನ್ನು ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಕೊಳವೆಯಲ್ಲಿ ತೆಗೆದು ಜೀನ್ ಪರೀಕ್ಷೆಗೆ ಕಳಿಸಿ. ದೋಷ ಗೊತ್ತಿದ್ದರೆ ಮುಂದಿನ ಬಸಿರಿನಲ್ಲಿ 11–13ನೇ ವಾರಕ್ಕೇ ಪರೀಕ್ಷಿಸಬಹುದು. ಬರೀ ಸ್ಕ್ಯಾನ್ ನಂಬಿದರೆ ಸಾಲದು; 20ನೇ ವಾರದಲ್ಲೂ ಕುಹರದ ಅಗಲ ಸಹಜ ಮಿತಿಯಾದ 10 ಮಿ.ಮೀ. ಒಳಗೇ ಇದ್ದು, ಆಮೇಲೆ ಹಿಗ್ಗುವುದುಂಟು.

– ಮಕ್ಕಳ ವೈದ್ಯರು, ದಾವಣಗೆರೆ